ಪೋಪ್ ಹೊಗಳಿದಾಗ ಕಸಿವಿಸಿಗೊಂಡ ಪಾದ್ರಿ

ಬೆಲ್ಜಿಯಂನ ಜಾರ್ಜ್ ಲೆಮೈತ್ರ್ 1923ರಲ್ಲಿ ಪಾದ್ರಿಯಾದವರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದರು. 1931ರಲ್ಲಿ, ಎಲ್ಲವೂ ಒಂದು ‘ಆದಿ ಪರಮಾಣು’ವಿನಿಂದ ಹೊರಟಿತೆಂದರು. ಪಾದ್ರಿ ಹೀಗೆಂದರೆ, ಬೈಬಲ್ಲಿನ ಸೃಷ್ಟಿಕಥೆಗೇ ಗಣಿತದ ಅಂಗಿ ತೊಡಿಸಿದ್ದಾರೆಂಬ ಅನುಮಾನ ಬಾರದೇ ಇರುತ್ತದೆಯೇ?

1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಆ ಅನುಮಾನಕ್ಕೆ ತುಪ್ಪ ಸುರಿದರು. ವಿಜ್ಞಾನವೇ ಸೃಷ್ಟಿಯ ಕ್ಷಣಕ್ಕೆ ಸಾಕ್ಷಿ ಹೇಳುತ್ತಿದೆ ಎಂಬರ್ಥದ ಭಾಷಣ. ಬೇರೆಯವರಾಗಿದ್ದರೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರೇನೋ. ಲೆಮೈತ್ರ್‌ಗೆ ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಪೂರ್ತಿ ಹೊರಗಿನದು, ನಂಬುವವನೂ ನಂಬದವನೂ ಒಪ್ಪಬಹುದಾದದ್ದು ಎಂಬುದು ಅವರ ನಿಲುವು. ನನಗನಿಸುವುದು: ದೇವರನ್ನು ಒಂದು ಊಹೆಗೆ ಕಟ್ಟಿಹಾಕಿದರೆ, ಊಹೆ ಬಿದ್ದ ದಿನ ದೇವರೂ ಬೀಳಬೇಕಲ್ಲ!

ಮರುವರ್ಷ ಖಗೋಳಜ್ಞರೆದುರು ಮಾತಾಡಿದ ಪೋಪ್ ಆ ವಿಷಯ ಎತ್ತಲಿಲ್ಲ. ಆದಿಯ ಕಾವಿನ ಕುರುಹಾದ ವಿಕಿರಣ ಸಿಕ್ಕಿತೆಂಬ ಸುದ್ದಿ ಲೆಮೈತ್ರ್ ಕಿವಿಗೆ ಬಿದ್ದದ್ದು, 1966ರಲ್ಲಿ ಸಾಯುವ ತುಸು ಮುನ್ನ.