ಸಾರುವೆ ಸುರಕ್ಷತೆ
ಸಾರುವೆ ಸುರಕ್ಷತೆ ಎಂದರೆ ಕಟ್ಟಡ ಕೆಲಸಕ್ಕಾಗಿ ಕಟ್ಟುವ ತಾತ್ಕಾಲಿಕ ಅಟ್ಟಣಿಗೆಯು ಕುಸಿಯದಂತೆ, ಅದರಿಂದ ಕಾರ್ಮಿಕರು ಬೀಳದಂತೆ ತಡೆಯುವ ಕ್ರಮಗಳು. ಸಾರುವೆಯನ್ನು ಸರ್ವೆಮರ, ಬಿದಿರು ಅಥವಾ ಉಕ್ಕಿನ ಕೊಳವೆಗಳಿಂದ ಕಟ್ಟುತ್ತಾರೆ. ಒಂಟಿ ಸಾಲಿನ ಸಾರುವೆಯ ಅಡ್ಡಗಳಗಳ ಒಂದು ತುದಿ ಗೋಡೆಯ ಕಂಡಿಗಳಲ್ಲಿ ಕೂರುತ್ತದೆ. ಜೋಡಿ ಸಾಲಿನದು ಎರಡು ಸಾಲು ಕಂಬಗಳ ಮೇಲೆ ನಿಲ್ಲುತ್ತದೆ. ಸಡಿಲ ನೆಲ, ಅತಿಭಾರ, ಸಡಿಲ ಕಟ್ಟು, ಕಟಕಟೆಯಿಲ್ಲದ ಅಂಚು, ಜಾರುವ ಹಲಗೆ ಅವಘಡದ ಮುಖ್ಯ ಕಾರಣಗಳು. ಬಿದ್ದವರಿಗೆ ತಲೆ, ಬೆನ್ನುಮೂಳೆ, ಸೊಂಟ, ಹಿಮ್ಮಡಿಗಳಿಗೆ ಗಾಯವಾಗುತ್ತದೆ. ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಬಹುದು. ಗಟ್ಟಿ ತಳಪಾಯ, ಓರೆಗಂಬ, ಗೋಡೆಗೆ ಬಿಗಿತ, ಕಟಕಟೆ, ಕಾಲ್ತಡೆ ಹಲಗೆ, ಸುರಕ್ಷತಾ ಬೆಲ್ಟ್, ಹೆಲ್ಮೆಟ್ ಹಾಗೂ ಮಳೆಗಾಳಿಯ ನಂತರದ ತಪಾಸಣೆ ಮುಖ್ಯ ರಕ್ಷಣೆಗಳು. ಭಾರತದಲ್ಲಿ ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಮತ್ತು 1998ರ ಕೇಂದ್ರ ನಿಯಮಗಳು ಸಾರುವೆಯ ರಚನೆ, ತಪಾಸಣೆಗಳನ್ನು ಕಾನೂನಿನ ಹೊಣೆಯಾಗಿಸಿದವು.