ಸಾಂಸ್ಥಿಕ ನೀತಿ ಸಮಿತಿ
ಮಾನವರನ್ನು ಒಳಗೊಂಡ ವೈದ್ಯಕೀಯ ಸಂಶೋಧನೆಯನ್ನು ಅದರ ಆರಂಭಕ್ಕೆ ಮುನ್ನವೇ ಪರಿಶೀಲಿಸಿ, ಅನುಮತಿಸುವ ಅಥವಾ ನಿರಾಕರಿಸುವ ಮಂಡಲಿ. ಭಾರತದಲ್ಲಿ ಇದರ ವಿಚಾರವು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 1980ರ ನೀತಿಹೇಳಿಕೆಯಲ್ಲಿ ಮೊಳೆಯಿತು. ಔಷಧ ಪ್ರಯೋಗಗಳಿಗೆ ಸಂಬಂಧಿಸಿದ 2019ರ ನಿಯಮಗಳಂತೆ ಸದಸ್ಯರು 7ಕ್ಕೆ ಕಡಮೆಯಿರಕೂಡದು. ಅರ್ಧದಷ್ಟು ಮಂದಿಯಾದರೂ ಸಂಸ್ಥೆಯ ಹೊರಗಿನವರಿರತಕ್ಕದ್ದು. ನ್ಯಾಯಜ್ಞನ ಜೊತೆಗೆ ಸಾಮಾನ್ಯ ನಾಗರಿಕನೊಬ್ಬನೂ ಬೇಕು. ಧಾರವಾಡದ ಕೆಲಗೇರಿಯ ಒಬ್ಬ ಗೃಹಸ್ಥನೂ ಅಲಂಕರಿಸಬಹುದಾದ ಈ ಕಡೆಯ ಪೀಠವೇ, ಪಂಡಿತರ ಪರಿಭಾಷೆಯನ್ನು ತಿಳಿಗನ್ನಡಕ್ಕೆ ಇಳಿಸುವಂತೆ ಮಾಡುವುದರಿಂದ, ಎಲ್ಲಕ್ಕಿಂತ ಉಪಯುಕ್ತವೆನ್ನಬೇಕು. 1845ರಲ್ಲಿ ಉನ್ಮತ್ತರ ಆಲಯವಾಗಿ ಹುಟ್ಟಿ ಇಂದು ಡಿಮ್ಹಾನ್ಸ್ ಎನಿಸಿರುವ ಧಾರವಾಡದ ಸಂಸ್ಥೆಯಂಥ ಕಡೆಗಳಲ್ಲಿ ಸಂಶೋಧನೆಗೆ ಒಳಗಾಗುವವರ ಸಮ್ಮತಿಯ ಪ್ರಶ್ನೆ ಇನ್ನೂ ಸೂಕ್ಷ್ಮ: 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದಂತೆ, ರೋಗಿಯು ಸ್ವತಂತ್ರ ಸಮ್ಮತಿ ನೀಡಲು ಅಸಮರ್ಥನಾದರೂ ಪ್ರತಿರೋಧ ತೋರದಿದ್ದಲ್ಲಿ, ಸಂಶೋಧಕನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿಯನ್ನು ಪಡೆಯತಕ್ಕದ್ದು; ಕೊಟ್ಟ ಸಮ್ಮತಿಯನ್ನು ರೋಗಿಯು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು.