ಹಾಸಿಗೆ ಬಳಿಯ ನಾಯಕತ್ವ: ಕಾಸರಗೋಡಿನ ನರ್ಸ್‌ಗಳು, ತಂಡ ಮತ್ತು ರೋಗಿಯ ಆರೈಕೆಯ ತೀರ್ಮಾನಗಳು

ನರ್ಸ್ ಅಂದರೆ ಡಾಕ್ಟರ್ ಹೇಳಿದ ಇಂಜೆಕ್ಷನ್ ಕೊಡುವವರು, ಅಷ್ಟೇ ಎಂಬ ತಿಳುವಳಿಕೆ ಇವತ್ತಿಗೂ ಹಲವರಲ್ಲಿದೆ. ಕಾಸರಗೋಡು ಜಿಲ್ಲೆಯ ಯಾವುದಾದರೂ ಪಂಚಾಯತಿನ ಪಾಲಿಯೇಟಿವ್ ಹೋಮ್ ಕೇರ್ ವಾಹನದ ಜೊತೆ ಒಂದು ದಿನ ಸುತ್ತಿದರೆ ಈ ತಿಳುವಳಿಕೆ ಬದಲಾಗುತ್ತದೆ. ಆ ವಾಹನದಲ್ಲಿ ಹೆಚ್ಚಿನ ದಿನ ಡಾಕ್ಟರ್ ಇರುವುದಿಲ್ಲ. ಮೊದಲು ಯಾವ ಮನೆಗೆ ಹೋಗಬೇಕು, ಯಾರ ಗಾಯ ಕೆಟ್ಟಿದೆ, ಯಾರನ್ನು ಇವತ್ತೇ ಆಸ್ಪತ್ರೆಗೆ ಸಾಗಿಸಬೇಕು ಎಂದು ಮೊದಲು ನೋಡಿ ಹೇಳುವವರು ನರ್ಸ್.

ಜಿಲ್ಲೆಯ ಹಿನ್ನೆಲೆ

1984ರ ಮೇ 24ರಂದು ರಚನೆಯಾದ ಕಾಸರಗೋಡು ಜಿಲ್ಲೆ ದೊಡ್ಡ ಚಿಕಿತ್ಸೆಗೆ ದಶಕಗಳಿಂದ ಮಂಗಳೂರನ್ನೇ ನಂಬಿಕೊಂಡು ಬಂದಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕುಟುಂಬಗಳಿಗೆ ತಲಪಾಡಿ ದಾಟುವುದು ದಿನನಿತ್ಯದ ಮಾತು. ಈ ನಂಬಿಕೆ ಎಷ್ಟು ಸೂಕ್ಷ್ಮದ್ದು ಎಂದು 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿತು. ಆಂಬ್ಯುಲೆನ್ಸ್‌ಗಳು ಮುಂದೆ ಹೋಗಲಾರದೆ ನಿಂತವು, ಸಕಾಲದಲ್ಲಿ ಚಿಕಿತ್ಸೆ ಸಿಗದೆ ಜೀವಗಳೂ ಹೋದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಅದೇ ಹೊತ್ತಿನಲ್ಲಿ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೆಲವೇ ದಿನಗಳಲ್ಲಿ ಕೋವಿಡ್ ಆಸ್ಪತ್ರೆಯಾಗಿ ಸಜ್ಜುಗೊಳಿಸಲಾಯಿತು. ತಿರುವನಂತಪುರದಿಂದ ಬಂದ ವೈದ್ಯರು ಮತ್ತು ನರ್ಸ್‌ಗಳ ತಂಡ 2020ರ ಏಪ್ರಿಲ್‌ನಲ್ಲಿ ಅಲ್ಲಿ ಕೆಲಸ ಶುರು ಮಾಡಿತು. ಮೇ 10ರ ಹೊತ್ತಿಗೆ ಜಿಲ್ಲೆಯ 178 ಸೋಂಕಿತರೂ ಗುಣಮುಖರಾಗಿದ್ದರು. ಪಿಪಿಇ ಕಿಟ್‌ನೊಳಗೆ ಬೆವರುತ್ತಾ ಗಂಟೆಗಟ್ಟಲೆ ರೋಗಿಯ ಬಳಿ ಇದ್ದು, ಉಸಿರಾಟದಲ್ಲಿ ಆಗುವ ಸಣ್ಣ ಬದಲಾವಣೆಯನ್ನೂ ಗಮನಿಸಿ ತಿಳಿಸುವ ಕೆಲಸ ನರ್ಸ್‌ಗಳದ್ದಾಗಿತ್ತು.

ಜಿಲ್ಲೆಗೆ ಇನ್ನೊಂದು ಹಳೆಯ ಗಾಯವೂ ಇದೆ. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಮುಳಿಯಾರು ಮುಂತಾದ ಕಡೆಗಳಲ್ಲಿ ಹಾಸಿಗೆಯಿಂದ ಏಳಲಾಗದ ಮಕ್ಕಳು ಬೆಳೆದು ದೊಡ್ಡವರಾದರು. ಅವರನ್ನು ಎತ್ತಿ ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಆದರೆ ಹಣ ಸಿಕ್ಕಿದ ಮಾತ್ರಕ್ಕೆ ಬೆನ್ನಿನ ಹುಣ್ಣು ಒಣಗುವುದಿಲ್ಲ. ಅದಕ್ಕೆ ಮನೆಗೆ ಬರುವ ಕೈ ಬೇಕು.

ತಂಡ ಹೇಗೆ ಕೆಲಸ ಮಾಡುತ್ತದೆ

1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಆರಂಭವಾಯಿತು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಕೇರ್ ನೀತಿ ಪ್ರಕಟಿಸಿತು. ಭಾರತದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ಕೇರಳ. ಸ್ಥಳೀಯಾಡಳಿತ ಸಂಸ್ಥೆಗಳ ಮೂಲಕ ಹೋಮ್ ಕೇರ್ ಊರೂರಿಗೆ ತಲುಪಿತು.

ತಂಡದಲ್ಲಿ ಪಾಲಿಯೇಟಿವ್ ನರ್ಸ್, ಆಶಾ ಕಾರ್ಯಕರ್ತೆ, ವಾರ್ಡ್ ಸದಸ್ಯರು, ಸ್ವಯಂಸೇವಕರು, ಡ್ರೈವರ್ ಇರುತ್ತಾರೆ. ಬೆನ್ನ ಹಿಂದೆ ಆರೋಗ್ಯ ಕೇಂದ್ರದ ಡಾಕ್ಟರ್. ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ ಬೇರೆ ಬೇರೆ. ಮನೆಯಲ್ಲಿ ಅಕ್ಕಿ ಮುಗಿದದ್ದು ಆಶಾಗೆ ಗೊತ್ತು. ರಾತ್ರಿ ವಾಹನ ಬೇಕಾದರೆ ಯಾರನ್ನು ಎಬ್ಬಿಸಬೇಕು ಎಂಬುದು ಸ್ವಯಂಸೇವಕನಿಗೆ ಗೊತ್ತು. ಇವೆಲ್ಲವನ್ನೂ ಒಟ್ಟು ಸೇರಿಸಿ ಒಂದು ಯೋಜನೆ ಮಾಡುವುದೇ ಇಲ್ಲಿ ನರ್ಸ್‌ನ ನಾಯಕತ್ವ. ಗದರಿಸಿ ಕೆಲಸ ಮಾಡಿಸುವವರು ನಾಯಕರಲ್ಲ. ಡ್ರೈವರ್ "ಸಿಸ್ಟರ್, ಕಾಕ ಇವತ್ತು ಯಾಕೋ ಮಾತಾಡ್ಲಿಲ್ಲ" ಅಂದರೆ ಅದನ್ನೂ ಕಿವಿಗೆ ಹಾಕಿಕೊಂಡು ಮತ್ತೊಮ್ಮೆ ಒಳಗೆ ಹೋಗಿ ನೋಡುವವರು ನಾಯಕರು.

ಭಾಷೆಯೂ ಇಲ್ಲಿ ಆರೈಕೆಯ ಭಾಗ. ಮಲಯಾಳಂ, ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಇರುವ ಜಿಲ್ಲೆಯಿದು. ನೋವು, ಬೇನೆ, ವೇದನ ಎಂಬ ಮಾತುಗಳು ಒಂದೇ ಅರ್ಥದವು. ಆದರೆ ಉರಿಯೋ ಸೆಳೆತವೋ ಚುಚ್ಚುವುದೋ ಎಂದು ರೋಗಿ ಬಿಡಿಸಿ ಹೇಳುವುದು ತನ್ನ ಮನೆಮಾತಿನಲ್ಲಿ ಮಾತ್ರ. ನೋವಿನ ಬಗೆ ಗೊತ್ತಾಗದೆ ಮದ್ದು ಸರಿಯಾಗುವುದಿಲ್ಲ.

ತೀರ್ಮಾನದ ಮೆಟ್ಟಿಲುಗಳು

ನರ್ಸ್‌ನ ತೀರ್ಮಾನ ಅಂದಾಜಿನ ಮಾತಲ್ಲ. ಮೊದಲು ನೋಡುವುದು, ಕೇಳುವುದು, ಅಳೆಯುವುದು. ನೋವಿಗೆ ಸೊನ್ನೆಯಿಂದ 10ರವರೆಗೆ ಅಂಕ ಕೇಳುತ್ತಾರೆ. ಹಾಸಿಗೆ ಹಿಡಿದವರ ಸೊಂಟ, ಹಿಮ್ಮಡಿ, ಭುಜದ ಚರ್ಮ ಕೆಂಪಾಗಿದೆಯಾ ನೋಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಮನೆಯವರಿಗೆ ಕಲಿಸುತ್ತಾರೆ. ಕ್ಯಾಥೆಟರ್‌ನಲ್ಲಿ ಮೂತ್ರ ನಿಂತಿದೆಯಾ, ಹಠಾತ್ ಗೊಂದಲದ ಮಾತು, ಉಬ್ಬಸ, ತೀವ್ರ ಜ್ವರ ಇದೆಯಾ ಎಂದು ಪರೀಕ್ಷಿಸುತ್ತಾರೆ. ಇವು ಕಂಡರೆ ಕಾಯುವ ಪ್ರಶ್ನೆಯಿಲ್ಲ, ಡಾಕ್ಟರಿಗೆ ಕೂಡಲೇ ಕರೆ ಹೋಗಬೇಕು.

ಕರೆ ಮಾಡುವುದಕ್ಕೂ ಕ್ರಮವಿದೆ. ಎಸ್‌ಬಿಎಆರ್ ಎಂಬ ಈ ವಿಧಾನ ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು. ಈಗ ಏನಾಗಿದೆ, ಹಿಂದಿನಿಂದ ಏನಿತ್ತು, ನೋಡಿದಾಗ ಏನು ಕಂಡಿತು, ಏನು ಮಾಡಬೇಕು ಅನಿಸುತ್ತದೆ ಎಂಬ ನಾಲ್ಕು ಮಾತುಗಳನ್ನು ಇದೇ ಸಾಲಿನಲ್ಲಿ ಹೇಳಬೇಕು. "ಸಾರ್, ಪೇಷಂಟಿಗೆ ಹುಷಾರಿಲ್ಲ" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗದು. "ಬೆಳಗ್ಗಿನಿಂದ ಮೂತ್ರ ಹೋಗಿಲ್ಲ, ಕ್ಯಾಥೆಟರ್ ಹಾಕಿ ತಿಂಗಳಾಯಿತು, ಕೆಳಹೊಟ್ಟೆ ಬಿಗಿದಿದೆ, ಬದಲಿಸಲು ಅನುಮತಿ ಬೇಕು" ಅಂದರೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ತನ್ನ ಮಿತಿ ತಿಳಿಯುವುದೂ ನಾಯಕತ್ವವೇ. ಮಾರ್ಫಿನ್ ಬರೆಯುವ ಅಧಿಕಾರ ಡಾಕ್ಟರಿಗೆ. ಆದರೆ "ಅದು ಅಮಲಿನ ಮದ್ದು, ಚಟ ಹಿಡಿಯುತ್ತದೆ" ಎಂದು ಮಾತ್ರೆ ಬಚ್ಚಿಡುವ ಮನೆಯವರನ್ನು ಕೂರಿಸಿ ಮಾತಾಡುವುದು ನರ್ಸ್. ಡಾಕ್ಟರ್ ಹೇಳಿದ ಅಳತೆಯಲ್ಲಿ ಕ್ಯಾನ್ಸರ್ ನೋವಿಗೆ ಕೊಡುವ ಮದ್ದು ಬೇರೆ, ದುರ್ಬಳಕೆ ಬೇರೆ ಎಂದು ತಿಳಿಸುತ್ತಾರೆ. ಮಲಬದ್ಧತೆ ಬರುತ್ತದೆ, ಅದಕ್ಕೂ ಮದ್ದು ಜೊತೆಗೇ ಬೇಕು ಎಂದೂ ನೆನಪಿಸುತ್ತಾರೆ.

ಯಾರ ತೀರ್ಮಾನ?

ಕಷ್ಟದ ಪ್ರಶ್ನೆ ಇದು. "ಉಮ್ಮನಿಗೆ ರೋಗದ ಹೆಸರು ಹೇಳ್ಬೇಡಿ ಸಿಸ್ಟರ್" ಎಂದು ಮಕ್ಕಳು ಬಾಗಿಲಲ್ಲೇ ಕೈ ಹಿಡಿಯುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಉಮ್ಮನಿಗೆ ಕೊಡಬೇಕಾದ ಸಾಲ, ಹೇಳಬೇಕಾದ ವಸಿಯ್ಯತ್, ನೋಡಬೇಕಾದ ಗಲ್ಫಿನ ಮಗ ಇರಬಹುದು. ಗೊತ್ತಿಲ್ಲದಿದ್ದರೆ ಅದಕ್ಕೆಲ್ಲ ಸಮಯ ಉಳಿಯುವುದಿಲ್ಲ. ಅನುಭವಿ ನರ್ಸ್ ಸುಳ್ಳೂ ಹೇಳುವುದಿಲ್ಲ, ಒಮ್ಮೆಲೇ ಎಲ್ಲ ಸುರಿಯುವುದೂ ಇಲ್ಲ. "ನಿಮಗೆ ಎಷ್ಟು ಗೊತ್ತಿದೆ, ಇನ್ನೇನು ತಿಳಿಯಬೇಕು?" ಎಂದು ರೋಗಿಯನ್ನೇ ಕೇಳುತ್ತಾರೆ. ದೇಹ ಅವರದ್ದು, ಮೊದಲ ಮಾತೂ ಅವರದ್ದೇ.

ರಮಝಾನ್ ಬಂದಾಗ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದ ಹಠ ಹಿಡಿಯುವುದುಂಟು. ರೋಗಿಗಳಿಗೆ ವಿನಾಯಿತಿ ಇದೆ ಎಂದು ಕುರ್‌ಆನ್ ಸ್ಪಷ್ಟಪಡಿಸಿದೆ. ಆದರೆ ಫತ್ವಾ ಕೊಡುವುದು ನರ್ಸ್‌ನ ಕೆಲಸವಲ್ಲ. ತಿಂಗಳಿಗೆ ಮುಂಚೆಯೇ ಡಾಕ್ಟರನ್ನು ಭೇಟಿ ಮಾಡಿಸುವುದು, ಬೇಕಾದರೆ ಊರ ಉಸ್ತಾದರಿಂದ ಹೇಳಿಸುವುದು ತಂಡದ ದಾರಿ. ಹೆಂಗಸರ ಪರದೆ, ಗಾಯ ತೊಳೆಯುವಾಗಿನ ಮರ್ಯಾದೆ ಕಾಪಾಡುವುದೂ ಇದೇ ಆರೈಕೆಯೊಳಗೆ ಬರುತ್ತದೆ.

ಯುವಜನರಿಗೆ

ಇಸ್ಲಾಮಿನ ಚರಿತ್ರೆಯಲ್ಲಿ ಮೊದಲ ನರ್ಸ್ ಎಂದು ನೆನೆಯುವ ರುಫೈದಾ ಅಲ್ ಅಸ್ಲಮಿಯ್ಯ ಅವರು ಮದೀನಾದ ಮಸೀದಿಯ ಬಳಿ ಗುಡಾರ ಹಾಕಿ ಗಾಯಾಳುಗಳನ್ನು ನೋಡಿಕೊಂಡರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ ಅವರನ್ನು ಕರೆತಂದದ್ದು ಅದೇ ಗುಡಾರಕ್ಕೆ. ಆಧುನಿಕ ನರ್ಸಿಂಗ್ ಕಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧಕ್ಕೆ ಹೊರಟದ್ದು 1854ರಲ್ಲಿ, ಅದಕ್ಕೆ ಹನ್ನೆರಡು ಶತಮಾನಗಳ ನಂತರ.

ಪಿಯುಸಿ ಅಥವಾ ಪ್ಲಸ್ ಟು ವಿಜ್ಞಾನ ಮುಗಿಸಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್ ಇದೆ, ಮೂರು ವರ್ಷದ ಜಿಎನ್‌ಎಂ ಇದೆ. ಗಂಡುಮಕ್ಕಳಿಗೂ ಅವಕಾಶವಿದೆ. ಗಲ್ಫ್, ಯುರೋಪ್ ಕನಸು ತಪ್ಪಲ್ಲ. ಕಾಲೇಜು ಸೇರುವ ಮುಂಚೆ ಪಂಚಾಯತಿನ ಪಾಲಿಯೇಟಿವ್ ಘಟಕದಲ್ಲಿ ಕೆಲವು ದಿನ ಸ್ವಯಂಸೇವಕರಾಗಿ ಹೋದರೆ ಈ ಕೆಲಸ ತನಗೆ ಹಿಡಿಸುತ್ತದಾ ಎಂದು ತಿಳಿಯುತ್ತದೆ. ಕೇರಳದಲ್ಲಿ ಪ್ರತಿ ವರ್ಷ ಜನವರಿ 15 ಪಾಲಿಯೇಟಿವ್ ಕೇರ್ ದಿನ. ಶುರು ಮಾಡಲು ಆ ದಿನವೇ ಬರಬೇಕೆಂದಿಲ್ಲ. ನೆರೆಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬರು ಇದ್ದೇ ಇರುತ್ತಾರೆ.